ಕೂಲಂಟ್ ಇಳಿಯುತ್ತಿದೆ, ಸೋರುವುದು ಕಾಣುತ್ತಿಲ್ಲ: ಬಿಸಿಲುಸೀಮೆಯ ಕಾರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಎಂಜಿನ್ನನ್ನು ತಂಪಾಗಿಡುವ ದ್ರವವೇ ಕೂಲಂಟ್, ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಸರಿಯಾಗಿರುವ ಗಾಡಿಯಲ್ಲಿ ರಿಸರ್ವ್ ಡಬ್ಬಿಯ ಮಟ್ಟ ವರ್ಷಕ್ಕೆ ಒಂದು ಬೆರಳಷ್ಟು ಇಳಿದರೆ ಅದೇ ಹೆಚ್ಚು. ತಿಂಗಳೊಪ್ಪತ್ತಿನಲ್ಲಿ ಮ್ಯಾಕ್ಸ್ ಗೆರೆಯಿಂದ ಮಿನ್ ಗೆರೆಗೆ ಬಂತೆಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಎಂಜಿನ್ನಿನ ಒಳಗೇ ಹೋಗುತ್ತಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದನ್ನು "ಬ್ಯಾಸಿಗಿ ಅದ, ನೀರು ಆರತದ" ಎಂದು ತಳ್ಳಿಹಾಕಿ, ಬಾಟಲಿ ನೀರು ಸುರಿದುಕೊಂಡು ಓಡಾಡುವವರು ಬಹಳ. ಡಬ್ಬಿಯ ಗಾಳಿಕಿಂಡಿಯಿಂದ ಅಷ್ಟಿಷ್ಟು ಆರೀತು. ಅರ್ಧ ಲೀಟರ್ ಆರುವುದಿಲ್ಲ.

ಎಲ್ಲಿ ಸೋರುತ್ತಿದೆ ಎಂದು ಬಾನೆಟ್ ಒಳಗೆ ತಲೆ ಹಾಕುವ ಮೊದಲು, ಯಾವಾಗ ಸೋರುತ್ತಿದೆ ಎಂದು ಗೊತ್ತುಮಾಡಿಕೊಳ್ಳಿ. ರಾತ್ರಿ ನಿಂತ ಗಾಡಿಯ ಕೆಳಗೆ ಬೆಳಗ್ಗೆ ಹನಿ ಕಂಡರೆ ಅದರ ಕಾರಣ ಬೇರೆ. ಓಡಿಸಿ ಬಂದು ಆಫ್ ಮಾಡಿದ ಹತ್ತು ನಿಮಿಷಕ್ಕೆ ತೊಟ್ಟಿಕ್ಕಿದರೆ ಬೇರೆ. ಎಂದೂ ಹನಿಯೇ ಕಾಣದೆ ಮಟ್ಟ ಇಳಿಯುತ್ತಿದ್ದರೆ ಇನ್ನೂ ಬೇರೆ. ಈ ಮೂರನ್ನು ಬೇರ್ಪಡಿಸದೆ ಹೋಸ್ ಬದಲಿಸು, ರೇಡಿಯೇಟರ್ ಬದಲಿಸು, ವಾಟರ್ ಬಾಡಿ (ಕೂಲಂಟ್ ಓಡಿಸುವ ಪಂಪು) ಬದಲಿಸು ಎಂದು ಸಾಲಾಗಿ ಹೊರಟರೆ ದುಡ್ಡು ಸೋರುತ್ತದೆ, ಕೂಲಂಟೂ ಸೋರುತ್ತಲೇ ಇರುತ್ತದೆ.

ಕೈ ಹಾಕುವ ಮುನ್ನ

ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬೇಡಿ. ಅರ್ಧ ಕೂಲಂಟ್, ಅರ್ಧ ನೀರು ಇರುವ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ 1 ಬಾರ್‌ನಷ್ಟು ಒತ್ತಡ ಹಿಡಿದಿಟ್ಟಾಗ ಅದೇ ಮಿಶ್ರಣ 125 ಡಿಗ್ರಿ ದಾಟಿದ ಮೇಲೇ ಕುದಿಯುವುದು. ಬಿಸಿಯಲ್ಲಿ ಮುಚ್ಚಳ ತಿರುಗಿಸಿದರೆ ಆ ಒತ್ತಡ ಒಮ್ಮೆಲೇ ಬಿಟ್ಟುಹೋಗಿ ಒಳಗಿನದೆಲ್ಲ ಕುದ್ದು ಮುಖಕ್ಕೆ ಹಾರುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಗಾಡಿ ತಣ್ಣಗಾಗಲು ಅರ್ಧ ತಾಸು ಸಾಲದು, ಒಂದು ತಾಸಾದರೂ ಬಿಡಿ. ಮೇಲಿನ ಹೋಸ್ ಹಿಸುಕಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ, ಸುಯ್ ಎನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಕೀ ತೆಗೆದ ಮೇಲೂ ಕೆಲವು ಗಾಡಿಗಳ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ದೂರವಿರಲಿ.

ಸಣ್ಣ ಸೋರಿಕೆಯೇ ದೊಡ್ಡ ಹೀಟಿಂಗಿಗೆ ಯಾಕೆ ದಾರಿ ಎಂಬುದೂ ಈ ಲೆಕ್ಕದಲ್ಲೇ ಇದೆ. ಹೋದದ್ದು ನಾಲ್ಕು ಹನಿಯಾದರೂ ಆ ತೂತಿನಿಂದ ಒತ್ತಡ ನಿಲ್ಲುವುದಿಲ್ಲ. ಒತ್ತಡ ನಿಲ್ಲದಿದ್ದರೆ ಕುದಿಯುವ ಮಿತಿ ಹದಿನೈದಿಪ್ಪತ್ತು ಡಿಗ್ರಿ ಕೆಳಗಿಳಿಯುತ್ತದೆ. ಜನವರಿಯಲ್ಲಿ ಏನೂ ತೊಂದರೆ ಕೊಡದ ಗಾಡಿ ಮೇನಲ್ಲಿ ಎ.ಸಿ. ಹಾಕಿ ಸಂಡೂರಿನ ಗುಡ್ಡ ಹತ್ತುವಾಗ ಹೊಗೆ ಕಾರುವುದು ಹೀಗೆ.

ಅದು ಕೂಲಂಟೇ ಹೌದೆ?

ಗಾಡಿ ಕೆಳಗೆ ನೀರು ಕಂಡ ಕೂಡಲೇ ಗಾಬರಿ ಬೇಡ. ಎ.ಸಿ.ಯ ನೀರು ಡ್ಯಾಶ್‌ಬೋರ್ಡಿನ ಕೆಳಭಾಗದ ನೇರಕ್ಕೆ ಬೀಳುತ್ತದೆ. ಬಣ್ಣ, ವಾಸನೆ, ಜಿಡ್ಡು ಒಂದೂ ಇರುವುದಿಲ್ಲ. ಕೂಲಂಟ್ ಎರಡು ಬೆರಳಿನ ನಡುವೆ ಉಜ್ಜಿದರೆ ಜಾರುತ್ತದೆ, ಸಿಹಿವಾಸನೆ ಬರುತ್ತದೆ. ನಾಲಿಗೆಗೆ ಮುಟ್ಟಿಸಿ ನೋಡುವ ಅಭ್ಯಾಸ ಕೆಲವರಿಗಿದೆ, ಬಿಟ್ಟುಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಮ್ಮ ಕಡೆ ಇನ್ನೊಂದು ಸುಳಿವೂ ಉಂಟು: ಬೇಸಿಗೆಯ ಒಣಹವೆಯಲ್ಲಿ ಎ.ಸಿ. ನೀರು ಹೆಚ್ಚು ಬರುವುದಿಲ್ಲ. ಆಗಸ್ಟಿನಲ್ಲಿ ಗಾಡಿ ಕೆಳಗೆ ಮಡು ನಿಂತರೆ ಸಹಜ, ಮೇ ತಿಂಗಳಲ್ಲಿ ಅಷ್ಟು ನಿಂತರೆ ಅನುಮಾನಿಸಿ.

ತೋರಣಗಲ್ಲು, ಸಂಡೂರು, ಹೊಸಪೇಟೆ ದಾರಿಯಲ್ಲಿ ಓಡಾಡುವ ಗಾಡಿಗಳದು ಬೇರೆಯೇ ಪೇಚು. ಅದಿರಿನ ಕೆಂಪು ದೂಳು ಬಾನೆಟ್ ಒಳಗೆಲ್ಲ ಕೂತಿರುತ್ತದೆ, ಒಣಗಿದ ಕೆಂಪು ಕೂಲಂಟಿನ ಕಲೆ ಅದರಲ್ಲಿ ಮರೆಯಾಗುತ್ತದೆ. ಹಾಗಾಗಿ ಮೊದಲು ತೊಳೆಯಬೇಕು. ತಣ್ಣಗಿನ ಎಂಜಿನ್ನಿನ ಮೇಲೆ ಅಲ್ಟರ್ನೇಟರ್, ಫ್ಯೂಸ್ ಬಾಕ್ಸ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಒದ್ದೆ ಬ್ರಷ್ಷಿನಿಂದ ಹೋಸ್ ತುದಿ, ರೇಡಿಯೇಟರಿನ ಅಂಚು, ವಾಟರ್ ಬಾಡಿ ಸುತ್ತ ಉಜ್ಜಿ ಒಣಗಲು ಬಿಡಿ. ಸಂಜೆ ಗಾಡಿ ಕೆಳಗೆ ಬಿಳಿ ರಟ್ಟು ಹಾಸಿ, ಮುಂದಿನ ಎರಡು ಗಾಲಿ ಎಲ್ಲಿವೆ ಎಂದು ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿ. ಬೆಳಗ್ಗೆ ಕಲೆ ಬಿದ್ದ ಜಾಗಕ್ಕೆ ನೇರ ಮೇಲಿನಿಂದ ಹುಡುಕಾಟ ಆರಂಭ. ಹನಿ ಬಿದ್ದ ಜಾಗದಲ್ಲೇ ತೂತು ಇರಬೇಕೆಂದಿಲ್ಲ, ಅಡ್ಡಪಟ್ಟಿಯ ಮೇಲೆ ಹರಿದು ಒಂದು ಮೊಳ ಆಚೆಗೂ ಬೀಳಬಹುದು. ಒದ್ದೆಯಾಗಿರುವ ಅತಿ ಎತ್ತರದ ಜಾಗ ಯಾವುದೋ ಅದೇ ಮೂಲ.

ಒತ್ತಡ ಕೊಟ್ಟು ನೋಡುವುದು

ನೂರು ಊಹೆಗಿಂತ ಒಂದು ಪ್ರೆಶರ್ ಟೆಸ್ಟ್ ಲೇಸು. ಮುಚ್ಚಳದ ಜಾಗಕ್ಕೆ ಕೂರುವ ಅಡಾಪ್ಟರ್, ಕೈಪಂಪು, ಗೇಜು ಇಷ್ಟಿದ್ದರೆ ಸಾಕು. ತಣ್ಣಗಿನ ಎಂಜಿನ್ನಿನಲ್ಲಿ ಮಟ್ಟ ತುಂಬಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಪಂಪು ಹೊಡೆಯಿರಿ: ಹಳೆಯ ಗಾಡಿಗಳಲ್ಲಿ 0.9 ಅಥವಾ 1.1 ಬಾರ್, ಡಬ್ಬಿಗೇ ಒತ್ತಡದ ಮುಚ್ಚಳ ಇರುವ ಹಲವು ಗಾಡಿಗಳಲ್ಲಿ 1.4 ಬಾರ್. ಬರೆದದ್ದಕ್ಕಿಂತ ಹೆಚ್ಚು ಹೊಡೆದರೆ ಗಟ್ಟಿಯಿದ್ದ ಜಾಗವನ್ನೂ ನೀವೇ ಒಡೆದಂತೆ. ಹದಿನೈದು ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ತಣ್ಣಗಿನ ಸೋರಿಕೆ ಇಲ್ಲ. ಮುಳ್ಳು ಇಳಿದು ಹೊರಗೆ ಹನಿ ಕಂಡರೆ ಜಾಗ ಸಿಕ್ಕಿತು. ಮುಳ್ಳು ಇಳಿದರೂ ಹೊರಗೆಲ್ಲ ಒಣಗಿದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್) ಇಲ್ಲವೇ ಎಂಜಿನ್ನಿನ ಒಳಗು.

ಮುಚ್ಚಳವನ್ನೂ ಅದೇ ಪಂಪಿಗೆ ಬೇರೆ ಅಡಾಪ್ಟರ್ ಹಾಕಿ ಪರೀಕ್ಷಿಸಿ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ, ಅಗ್ಗದ ರಿಪೇರಿ ಅಡಗಿರುವುದೂ ಇಲ್ಲೇ. ಸ್ಪ್ರಿಂಗ್ ಸೋತ ಅಥವಾ ರಬ್ಬರ್ ವಾಷರ್ ಸೆಟೆದ ಮುಚ್ಚಳ ಕಡಿಮೆ ಒತ್ತಡಕ್ಕೇ ಬಿಟ್ಟುಕೊಡುತ್ತದೆ; ಕೂಲಂಟ್ ಡಬ್ಬಿಗೆ ಹೋಗಿ, ಡಬ್ಬಿ ತುಂಬಿ, ಮೇಲಿನ ನಳಿಗೆಯಿಂದ ರಸ್ತೆಗೆ ಚೆಲ್ಲುತ್ತದೆ. ಹೊಸ ಮುಚ್ಚಳ ಕೊಳ್ಳುವಾಗ ಗಾತ್ರ ಕೂತರೆ ಸಾಲದು, ಒತ್ತಡದ ಅಂಕಿಯೂ ಒಂದೇ ಇರಬೇಕು. ಮುಚ್ಚಳದಲ್ಲಿ ಇನ್ನೊಂದು ಪುಟ್ಟ ಕವಾಟವಿದೆ: ಎಂಜಿನ್ ಆರಿದಾಗ ಡಬ್ಬಿಯಿಂದ ಕೂಲಂಟನ್ನು ವಾಪಸ್ ಎಳೆದುಕೊಳ್ಳುವುದು ಅದರ ಮೂಲಕ. ಅದು ಅಂಟಿಕೊಂಡರೆ ಬೆಳಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿ ಕೂತಿರುತ್ತದೆ. ಹೋಸ್ ಕೆಟ್ಟಿದೆ ಎಂದು ಅದನ್ನೇ ಬದಲಿಸುವುದು ಸಾಮಾನ್ಯ ತಪ್ಪು.

ತಣ್ಣಗಿನ ಪರೀಕ್ಷೆ ಪಾಸಾಗಿ ಬಿಸಿಯಲ್ಲಿ ಮಾತ್ರ ಸೋರುವುದೂ ಉಂಟು. ಆಗ ಕೂಲಂಟಿಗೆ ಯುವಿ ಡೈ (ನೀಲಿ ಬೆಳಕಿಗೆ ಹೊಳೆಯುವ ಬಣ್ಣ) ಹಾಕಿ, ಎರಡು ದಿನ ಓಡಿಸಿ, ರಾತ್ರಿ ನೀಲಿ ಟಾರ್ಚ್ ಬಿಟ್ಟು ನೋಡಿ. ಕೆಂಪು ದೂಳಿನ ನಡುವೆಯೂ ಹಳದಿ-ಹಸಿರು ಗೆರೆ ಹೊಳೆಯುತ್ತದೆ.

ರಾತ್ರಿ ನಿಂತಾಗ ಸೋರಿದರೆ

ಬಹುತೇಕ ಕ್ಲಿಪ್ಪು. ರಬ್ಬರ್, ಪ್ಲಾಸ್ಟಿಕ್, ಅಲ್ಯುಮಿನಿಯಂ ಮೂರೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಓಡುವಾಗ 90 ಡಿಗ್ರಿಯಲ್ಲಿ ಬಿಗಿಯಾಗಿದ್ದ ಜೋಡಣೆ ಡಿಸೆಂಬರ್ ಮುಂಜಾವಿಗೆ ಸಡಿಲಾಗಿ ನಾಲ್ಕು ಹನಿ ಬಿಡುತ್ತದೆ, ಬಿಸಿಯಾದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ ಈ ಹಿಗ್ಗು-ಕುಗ್ಗಿಗೆ ತಕ್ಕಂತೆ ಹಿಡಿತ ಸರಿಮಾಡಿಕೊಳ್ಳುತ್ತದೆ. ಅದನ್ನು ಕಿತ್ತು ಸ್ಕ್ರೂ ಕ್ಲಿಪ್ ಹಾಕಿ ಜಗ್ಗಿ ಬಿಗಿದರೆ ಪಟ್ಟಿ ರಬ್ಬರನ್ನು ಕೊರೆಯುತ್ತದೆ, ಪ್ಲಾಸ್ಟಿಕ್ ಮೂತಿ ಸೀಳುತ್ತದೆ. ಹೋಸ್ ಬಿಚ್ಚಿ ನೋಡಿ: ಮೂತಿಯ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟಿದ್ದರೆ ಹಗುರಾಗಿ ಉಜ್ಜಿ ತೆಗೆಯಿರಿ, ಗೀರು ಬೀಳಿಸಬೇಡಿ. ಹೋಸನ್ನು ಕ್ಲಿಪ್ಪಿನ ಪಕ್ಕ ಹಿಸುಕಿದಾಗ ಮಧ್ಯಭಾಗಕ್ಕಿಂತ ಬಹಳ ಮೆತ್ತಗಿದ್ದರೆ, ಉಬ್ಬಿದ್ದರೆ, ಕರಕರ ಎಂದರೆ ಬದಲಿಸಿ. ಕೆಳಗಿನ ಹೋಸ್ ಕಾಣಿಸುವುದಿಲ್ಲವೆಂದು ಬಿಡಬೇಡಿ.

ಬಿಸಿಯಾದಾಗ, ಆಫ್ ಮಾಡಿದ ಮೇಲೆ ಸೋರಿದರೆ

ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ಆದರೆ ಕಬ್ಬಿಣದ ಕಾವು ಕೂಲಂಟಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಆಫ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ ಒತ್ತಡ ಏರುತ್ತದೆ. ಆಗ ತೊಟ್ಟಿಕ್ಕಿದರೆ ಮೊದಲು ನೋಡಬೇಕಾದದ್ದು ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯುಮಿನಿಯಂ ಜಾಲರಿಗೆ ಸೇರುವ ಅಂಚು. ಅಲ್ಲಿ ಹಲ್ಲುಗಳನ್ನು ಮಡಿಚಿ, ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟಿರುತ್ತಾರೆ. ಕಾಲ ಕಳೆದಂತೆ ಗ್ಯಾಸ್ಕೆಟ್ ಸೆಟೆಯುತ್ತದೆ, ಪ್ಲಾಸ್ಟಿಕ್ ಕಂದುತಿರುಗಿ ಹೋಸ್ ಮೂತಿಯ ಬುಡದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಒಣಗಿದ ಕೂಲಂಟಿನ ಹಳದಿ, ಗುಲಾಬಿ ಅಥವಾ ಬಿಳಿ ಹೆಕ್ಕಳಿಕೆ ಅಂಚಿನಗುಂಟ ಕಾಣಿಸಿದರೆ ಅದೇ ಸಾಕ್ಷಿ.

ಇದಕ್ಕೆ ಎಂಸೀಲ್ ಮೆತ್ತುವುದು ಊರು ಮುಟ್ಟಿಸುವ ಉಪಾಯ ಮಾತ್ರ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರಿಗೆ ಸೀಸದ ಬೆಸುಗೆ ಹಾಕಿದಂತೆ ಇದಕ್ಕೆ ಹಾಕಲಾಗದು. ಜಾಲರಿ ಚೆನ್ನಾಗಿದ್ದರೆ ಟ್ಯಾಂಕು, ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿ ಹಲ್ಲು ಮಡಿಚಿಕೊಡುವ ರೇಡಿಯೇಟರ್ ಅಂಗಡಿಗಳಿವೆ. ಜಾಲರಿಯ ಎಲೆಗಳು ಬೆರಳು ತಾಗಿದರೆ ಪುಡಿಯಾಗುತ್ತಿದ್ದರೆ ಪೂರ್ತಿ ಬದಲಿಸಿ.

ರೇಡಿಯೇಟರ್ ಕೈಗೆ ಬಂದಾಗ ಅದಕ್ಕೂ ಎ.ಸಿ. ಕಂಡೆನ್ಸರಿಗೂ ನಡುವಿನ ಸಂದಿಯನ್ನು ನೋಡದೆ ಕೂರಿಸಬೇಡಿ. ರಾಯಚೂರಿನ ಹತ್ತಿ ಲಾರಿಗಳ ಹಿಂದೆ ಓಡಿದ ಗಾಡಿಯಲ್ಲಿ ಅರಳೆ, ಗಂಗಾವತಿ-ಸಿಂಧನೂರಿನ ಕಡೆ ಸುಗ್ಗಿಯಲ್ಲಿ ಭತ್ತದ ಹೊಟ್ಟು, ಬಳ್ಳಾರಿ ಕಡೆ ಕೆಂಪು ದೂಳು ಹಾಸಿಗೆಯಂತೆ ಕೂತಿರುತ್ತದೆ. ಗಾಳಿ ಹೋಗದೆ ಕಾವು ಏರಿ, ಒತ್ತಡ ಏರಿ, ಮೊದಲು ಸೋಲುವುದು ಆ ಪ್ಲಾಸ್ಟಿಕ್ ಅಂಚು. ಇದನ್ನು ತೆಗೆಯದಿದ್ದರೆ ಹೊಸ ರೇಡಿಯೇಟರೂ ಅದೇ ದಾರಿ ಹಿಡಿಯುತ್ತದೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಸಾಮಾನ್ಯ ಪೈಪಿನ ನೀರು ಬಿಡಿ. ಬೈಕ್ ತೊಳೆಯುವ ಗನ್ ಹಿಡಿದರೆ ಎಲೆಗಳು ಮಲಗಿಬಿಡುತ್ತವೆ.

ಎಂಜಿನ್ ಓಡುವಾಗ ಸೋರಿ, ಬೆಲ್ಟ್ ಸುತ್ತಮುತ್ತ ಚಿಮ್ಮಿದ ಕಲೆ ಇದ್ದರೆ ವಾಟರ್ ಬಾಡಿ. ಪಂಪಿನ ಹೊಟ್ಟೆಯಲ್ಲಿ ಸಣ್ಣ ಸೋರುಕಿಂಡಿ ಇರುತ್ತದೆ. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ಹೋಗದೆ ಹೊರಗೆ ಹೋಗಲೆಂದೇ ಅದನ್ನು ಬಿಟ್ಟಿರುವುದು. ಹೊಸ ಪಂಪಿನಲ್ಲಿ ಮೊದಲ ಕೆಲವು ತಾಸು ಹನಿ ಜಿನುಗಿದರೆ ತಪ್ಪಲ್ಲ. ಹಳೆಯದರಲ್ಲಿ ಜಿನುಗಿದರೆ ಸೀಲ್ ಮುಗಿಯಿತು. ಆ ಕಿಂಡಿಯನ್ನೇ ತೂತು ಎಂದುಕೊಂಡು ಮುಚ್ಚಿದರೆ ಬೇರಿಂಗ್ ಹೋಗುತ್ತದೆ. ಪುಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಸ್ವಲ್ಪ ಕುಣಿದರೂ ಬದಲಿಸಿ. ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಎಂಜಿನ್ನಾದರೆ ಬೆಲ್ಟ್, ಟೆನ್ಷನರ್, ಪಂಪು ಮೂರನ್ನೂ ಒಟ್ಟಿಗೆ ಮಾಡಿಸಿ. ಬಿಚ್ಚುವ ಕೂಲಿ ಒಂದೇ.

ಹನಿಯೇ ಕಾಣದಿದ್ದರೆ

ಮೊದಲು ಪಕ್ಕದ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ. ಜಿಡ್ಡು ಒದ್ದೆ, ಸಿಹಿವಾಸನೆ, ಮುಂದಿನ ಗಾಜಿನ ಒಳಗೆ ಒರೆಸಿದರೂ ಹೋಗದ ಮಬ್ಬು ಇದ್ದರೆ ಹೀಟರ್ ಕೋರ್. ನಮ್ಮೂರುಗಳಲ್ಲಿ ಹೀಟರ್ ಹಾಕುವವರಿಲ್ಲ, ಆದ್ದರಿಂದ ಅಂಥದೊಂದು ಗಾಡಿಯಲ್ಲಿದೆ ಎಂಬುದೇ ಮರೆತಿರುತ್ತದೆ. ಹಲವು ಗಾಡಿಗಳಲ್ಲಿ ಹೀಟರ್ ಹಾಕದಿದ್ದರೂ ಕೂಲಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ದೊಡ್ಡದು. ಎಂಜಿನ್ ಕಡೆ ಎರಡು ಹೀಟರ್ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಬೈಪಾಸ್ ಮಾಡಿ ಬಿಡುವುದು ಇಲ್ಲಿನ ರೂಢಿ. ಮಂಜುಗಟ್ಟುವ ಊರಲ್ಲಿ ಇದು ನಡೆಯದು, ಸಿರುಗುಪ್ಪದಲ್ಲಿ ನಡೆಯುತ್ತದೆ. ಆದರೆ ಕೆಲವು ಎಂಜಿನ್‌ಗಳಲ್ಲಿ ಆ ದಾರಿ ಬೇರೆ ಭಾಗಕ್ಕೂ ಕೂಲಂಟ್ ಒಯ್ಯುತ್ತದೆ, ನೋಡಿ ಮಾಡಬೇಕು.

ಒಳಗೆ ಹೋಗುವುದೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್. ಹೆಡ್ ಬಿಚ್ಚುವ ಮೊದಲು ಮೂರು ಪರೀಕ್ಷೆ ಮಾಡಿ. ಒಂದು, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದೊಳಗೆ, ಇನ್ನೂ ಬಿಸಿಯೇರದಿರುವಾಗಲೇ, ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ಸೇರುತ್ತಿದೆ. ಎರಡು, ಬ್ಲಾಕ್ ಟೆಸ್ಟ್: ರೇಡಿಯೇಟರ್ ಬಾಯಲ್ಲಿ ಎರಡು ಅಂಗುಲ ಕೂಲಂಟ್ ತೆಗೆದು, ನೀಲಿ ದ್ರವದ ನಳಿಗೆ ಇಟ್ಟು, ಮೇಲಿನ ಗಾಳಿಯನ್ನು ಅದರೊಳಗೆ ಎಳೆಯಬೇಕು, ಹೊಗೆಯ ಕಾರ್ಬನ್ ಡೈ ಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ. ಕೂಲಂಟನ್ನೇ ಹೀರಿಕೊಂಡರೆ ಪರೀಕ್ಷೆ ಕೆಟ್ಟಂತೆ. ಮೂರು, ಆಯಿಲ್ ಮುಚ್ಚಳ ಮತ್ತು ಡಿಪ್‌ಸ್ಟಿಕ್. ಮಜ್ಜಿಗೆಯಂಥ ನೊರೆ ಡಿಪ್‌ಸ್ಟಿಕ್‌ನಲ್ಲೂ ಇದ್ದರೆ ಎಂಜಿನ್ ಓಡಿಸಲೇಬೇಡಿ.

ಡೀಸೆಲ್ ಗಾಡಿಗಳಲ್ಲಿ ಇನ್ನೂ ಇಬ್ಬರು ಆರೋಪಿಗಳಿದ್ದಾರೆ. ಇಜಿಆರ್ ಕೂಲರ್ (ಎಂಜಿನ್ನಿಗೆ ವಾಪಸ್ ಕಳಿಸುವ ಹೊಗೆಯನ್ನು ತಂಪು ಮಾಡುವ ಭಾಗ) ಒಳಗೆ ಬಿರುಕುಬಿಟ್ಟರೆ ಕೂಲಂಟ್ ಹೊಗೆಯ ದಾರಿಗೆ ಹೋಗಿ ಬಿಳಿ ಹೊಗೆಯಾಗುತ್ತದೆ, ಆಯಿಲ್ ಸ್ವಚ್ಛವಾಗಿಯೇ ಇರುತ್ತದೆ. ಆಯಿಲ್ ಕೂಲರ್ ಹೋದರೆ ಹೆಚ್ಚು ಒತ್ತಡದ ಆಯಿಲ್ ಕೂಲಂಟಿಗೆ ನುಗ್ಗಿ ಡಬ್ಬಿಯಲ್ಲಿ ಕಂದು ಕೆಸರು ತೇಲುತ್ತದೆ. ಎರಡನ್ನೂ ಹೆಡ್ ಗ್ಯಾಸ್ಕೆಟ್ ಎಂದು ತಿಳಿದು ಹೆಡ್ ಇಳಿಸಿದರೆ ದಂಡದ ಕೆಲಸ.

ಹೆಡ್ ಇಳಿಸಲೇಬೇಕಾಗಿ ಬಂದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಬೇಡಿ. ಹೆಡ್ ಡೊಂಕಾಗಿದೆಯೇ ಎಂದು ನೇರಪಟ್ಟಿ ಇಟ್ಟು, ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ನೋಡಿ. ಹಲವು ಅಲ್ಯುಮಿನಿಯಂ ಹೆಡ್‌ಗಳಿಗೆ 0.05 ಮಿ.ಮೀ. ಆಸುಪಾಸಿನ ಡೊಂಕೇ ಮಿತಿ, ನಿಮ್ಮ ಎಂಜಿನ್ನಿನ ಅಂಕಿಗೆ ಸರ್ವಿಸ್ ಮ್ಯಾನುಯಲ್ ನೋಡಿ. ಮಿತಿ ಮೀರಿದರೆ ಫೇಸಿಂಗ್ (ಹೆಡ್ಡಿನ ಮುಖವನ್ನು ಸಮತಟ್ಟಾಗಿ ತೇಯಿಸುವುದು). ಬೋಲ್ಟುಗಳನ್ನು ಕೋನದ ಲೆಕ್ಕದಲ್ಲಿ ಬಿಗಿಯುವ ಎಂಜಿನ್ನಾದರೆ ಅವು ಎಳೆದುಹೋಗಿರುತ್ತವೆ, ಹೊಸವು ಬೇಕು. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ಕೂಲಂಟ್, ಆಯಿಲ್ ನಿಂತಿದ್ದರೆ ಗಾಳಿ ಹೊಡೆದು ಒಣಗಿಸಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಬೋಲ್ಟ್ ಇಳಿಯುವಾಗ ಬ್ಲಾಕೇ ಸೀಳಬಹುದು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಲ್ಲಿ.

ದಾರಿಯಲ್ಲಿ ಆದರೆ

ಮಸ್ಕಿ-ಸಿಂಧನೂರು ನಡುವೆ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಏರಿತು ಎನ್ನಿ. ಎ.ಸಿ. ಆಫ್, ಹೀಟರ್ ಪೂರ್ತಿ, ಕಿಟಕಿ ತೆಗೆದು ಪಕ್ಕಕ್ಕೆ ಬನ್ನಿ. ಹಬೆ ಕಂಡರೆ ಕೂಡಲೇ ಎಂಜಿನ್ ಆಫ್. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ. ಅನ್ನ ಕುದಿಯುವ ಮಣ್ಣಿನ ಗಡಿಗೆಗೆ ಹೊರಗಿಂದ ತಣ್ಣೀರು ಎರಚಿದ ಹಾಗೆ. ಮುಳ್ಳನ್ನು ಪೂರ್ತಿ ನಂಬಬೇಡಿ: ಕೂಲಂಟ್ ಬಹಳ ಹೋಗಿ ಸೆನ್ಸರ್ ಗಾಳಿಯಲ್ಲಿ ನಿಂತರೆ ಮುಳ್ಳು ಕೆಳಗಿಳಿದು "ಸರಿಹೋಯಿತು" ಎಂಬ ಭ್ರಮೆ ಹುಟ್ಟಿಸುತ್ತದೆ. ಹೋಸ್ ಕ್ಲಿಪ್ಪಿನ ಹತ್ತಿರವೇ ಸೀಳಿದ್ದರೆ, ಉದ್ದ ಸಾಲುವಂತಿದ್ದರೆ, ಆ ಒಂದಂಗುಲ ಕತ್ತರಿಸಿ ಮತ್ತೆ ಹಾಕಿ. ನಡುವೆ ಸೀಳಿದ್ದರೆ ಒಣಗಿಸಿ ತನಗೆ ತಾನೇ ಅಂಟುವ ಸಿಲಿಕಾನ್ ಟೇಪನ್ನು ಜಗ್ಗಿ ಸುತ್ತಿ. ಈ ತುರ್ತಿನಲ್ಲಿ ಯಾವ ನೀರಾದರೂ ನಡೆದೀತು, ಮನೆ ಸೇರಿದ ಮೇಲೆ ಅದನ್ನೆಲ್ಲ ತೆಗೆಯಬೇಕು.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಲಾರಿ ಡ್ರೈವರರ ಉಪಾಯ ಸುಳ್ಳಲ್ಲ, ಉಬ್ಬಿದ ಪುಡಿ ಸೂಜಿತೂತನ್ನು ಮುಚ್ಚುತ್ತದೆ. ಅಗಲ ನಾಳಗಳ ಹಳೆಯ ಲಾರಿ ರೇಡಿಯೇಟರ್ ಅದನ್ನು ತಾಳಿಕೊಂಡೀತು. ಇಂದಿನ ಕಾರಿನ ಕೂದಲೆಳೆ ನಾಳಗಳಲ್ಲಿ ಅದೇ ಪುಡಿ ಕೆಸರಾಗಿ ಕೂರುತ್ತದೆ. ಅಂಗಡಿಯ ಸ್ಟಾಪ್-ಲೀಕ್ ಬಾಟಲಿಗೂ ಇದೇ ಮಾತು.

ಮತ್ತೆ ತುಂಬಿಸುವುದು, ಮತ್ತು ಸವಳು ನೀರು

ಇಷ್ಟೆಲ್ಲ ಸೋರಿಕೆಗಳ ಹಿಂದೆ ಈ ಸೀಮೆಯಲ್ಲಿ ಮತ್ತೆ ಮತ್ತೆ ಸಿಗುವ ಮೂಲ ಒಂದೇ: ಬೋರ್ ನೀರು. ಒಲೆಯ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಸುಣ್ಣ ನಾಳಗಳನ್ನು ಕಿರಿದು ಮಾಡುತ್ತದೆ, ಪಂಪಿನ ಸೀಲನ್ನು ಮರಳುಕಾಗದದಂತೆ ತೇಯುತ್ತದೆ. ನೀರಿನ ಕ್ಲೋರೈಡ್ ಅಲ್ಯುಮಿನಿಯಮ್ಮಿನಲ್ಲಿ ಗುಳಿ ಕೊರೆಯುತ್ತದೆ. ಫಾಸ್ಫೇಟ್ ಇರುವ ಕೂಲಂಟಿಗೆ ಗಡಸು ನೀರು ಬೆರೆಸಿದರೆ ಸುಣ್ಣದೊಡನೆ ಕೂಡಿ ಗಸಿಯಾಗಿ ತಳ ಸೇರುತ್ತದೆ. ತುಂಗಭದ್ರಾ ಕಾಲುವೆಯ ನಲ್ಲಿ ನೀರು ಬೋರಿಗಿಂತ ಮೆದುವಾದರೂ ಇದಕ್ಕೆ ಸಲ್ಲದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರಿನ ಐದು ಲೀಟರ್ ಕ್ಯಾನ್ ತನ್ನಿ.

ಕೂಲಂಟಿನ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥವಿಲ್ಲ. ಓನರ್ಸ್ ಮ್ಯಾನುಯಲ್ ಹೇಳಿದ ಬಗೆ ಮುಖ್ಯ. ಎರಡು ಬಗೆ ಬೆರೆಸಿದರೆ ತುಕ್ಕು ತಡೆಯುವ ರಾಸಾಯನಿಕಗಳು ಒಂದನ್ನೊಂದು ಕೆಡಿಸಬಹುದು.

ಅಳತೆಯಲ್ಲಿ ಹಲವರು ಎಡವುವುದು ಇಲ್ಲಿ: ಒಟ್ಟು 5 ಲೀಟರ್ ಹಿಡಿಯುವ ಎಂಜಿನ್ನಿನಿಂದ ರೇಡಿಯೇಟರ್ ಡ್ರೈನ್ ಬಿಚ್ಚಿದರೆ ಬರುವುದು ಮೂರು, ಮೂರೂವರೆ ಲೀಟರ್. ಉಳಿದದ್ದು ಬ್ಲಾಕಿನಲ್ಲೇ ಇರುತ್ತದೆ. ಡಿಸ್ಟಿಲ್ಡ್ ನೀರಿನಿಂದ ಎರಡು-ಮೂರು ಸಲ ತೊಳೆದ ಮೇಲೆ ಆ ಉಳಿದದ್ದು ಬರೀ ನೀರು. ಅದರ ಮೇಲೆ ರೆಡಿಮಿಕ್ಸ್ (ಮೊದಲೇ ನೀರು ಬೆರೆಸಿದ ಕೂಲಂಟ್) ಸುರಿದರೆ ಮಿಶ್ರಣ ತೆಳುವಾಗುತ್ತದೆ. ಆದ್ದರಿಂದ ನೀರು ಬೆರೆಸದ ಕಾನ್ಸಂಟ್ರೇಟ್ ತಂದು ಒಟ್ಟು ಅಳತೆಯ ಅರ್ಧ, ಅಂದರೆ ಎರಡೂವರೆ ಲೀಟರ್ ಮೊದಲು ಹಾಕಿ, ಆಮೇಲೆ ನೀರಿನಿಂದ ತುಂಬಿಸಿ. ಮಿಶ್ರಣ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ನೋಡಿ: ಹೆಪ್ಪುಗಟ್ಟುವ ಮಟ್ಟ ಮೈನಸ್ 37 ಡಿಗ್ರಿ ತೋರಿಸಿದರೆ ಅರ್ಧಕ್ಕರ್ಧ, ಮೈನಸ್ 24 ಆದರೆ ಶೇ 40. ನಮ್ಮಲ್ಲಿ ಹೆಪ್ಪುಗಟ್ಟುವ ಚಿಂತೆಯಿಲ್ಲ, ಸಾಂದ್ರತೆ ಅಳೆಯಲು ಆ ಅಂಕಿ ಬೇಕು. ಹೆಚ್ಚಾದಷ್ಟೂ ಒಳ್ಳೆಯದೆಂದು ಬರೀ ಕಾನ್ಸಂಟ್ರೇಟ್ ತುಂಬಬೇಡಿ. ಕಾವು ಒಯ್ಯುವುದು ಮುಖ್ಯವಾಗಿ ನೀರು.

ಗಾಳಿ ತೆಗೆಯಲು ಗಾಡಿಯ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಬಿಚ್ಚಿ, ಹೀಟರ್ ಪೂರ್ತಿ ಇಟ್ಟು ನಿಧಾನ ಸುರಿಯಿರಿ. ಸ್ಕ್ರೂನಿಂದ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಮುಚ್ಚಿ, ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಒಳಗೆ ಬಿಸಿಗಾಳಿ ಬಾರದಿದ್ದರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ. ಬಸಿದ ಹಳೆಯ ಕೂಲಂಟನ್ನು ಚರಂಡಿಗೆ, ಹಿತ್ತಲಿಗೆ ಚೆಲ್ಲಬೇಡಿ. ಸಿಹಿಯಿರುವುದರಿಂದ ನಾಯಿ, ಆಡು, ಎಮ್ಮೆ ನೆಕ್ಕುತ್ತವೆ, ಅವುಗಳ ಕಿಡ್ನಿ ಹೋಗಬಹುದು. ಕ್ಯಾನಿಗೆ ಹಾಕಿ ಬಿರಡೆ ಬಿಗಿದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಮರುದಿನ ಬೆಳಗ್ಗೆ ತಣ್ಣಗಿರುವಾಗ ಡಬ್ಬಿಯ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಸಿಕ್ಕಿದ್ದ ಗಾಳಿ ಹೊರಬಂದು ಮೊದಲೆರಡು ದಿನ ಗೆರೆಗಿಂತ ಸ್ವಲ್ಪ ಇಳಿಯಬಹುದು, ಒಮ್ಮೆ ತುಂಬಿಸಿ. ಆಮೇಲೆ 500 ಕಿಲೋಮೀಟರಿಗೊಮ್ಮೆ, ಅದೂ ಬೆಳಗಿನ ತಣ್ಣಗಿನ ಹೊತ್ತಿನಲ್ಲೇ ನೋಡಿ. ಮಧ್ಯಾಹ್ನ ಓಡಿಸಿ ಬಂದು ನೋಡಿದರೆ ಹಿಗ್ಗಿದ ಕೂಲಂಟ್ ಮ್ಯಾಕ್ಸ್ ಗೆರೆಯ ಮೇಲೇ ಇರುತ್ತದೆ. ಎರಡನೆಯ ಸಲವೂ ಗೆರೆಯಿಂದ ಇಳಿದಿದ್ದರೆ ಬಿಳಿ ರಟ್ಟನ್ನು ಮತ್ತೆ ಹಾಸಿ.